‘ಇವತ್ತು ನೀರು ಬೇಡ’ ಎನ್ನುವ ಅಧಿಕಾರ ಕೊಡಿ

ಬೆಂಗಳೂರಿನ ಕಚೇರಿಗಳ ಆಡಳಿತ ವಿಭಾಗದವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಕಚೇರಿಯೊಳಗೆ ಎಷ್ಟು ಗಿಡ ಬೇಕು, ಯಾವ ಗಿಡ ಬೇಕು, ಎಲ್ಲಿಡಬೇಕು, ಯಾರಿಗೆ ಗುತ್ತಿಗೆ ಕೊಡಬೇಕು ಎಂದು ತೀರ್ಮಾನಿಸುವವರು ನೀವು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಆ ಗಿಡಗಳಿಗೆ ನೀರು ಹಾಕುವ ಹೌಸ್‌ಕೀಪಿಂಗ್ ಸಿಬ್ಬಂದಿಗೆ ಕೆಲಸ ಹೇಳುವವರೂ ನೀವೇ. ಹಾಗಾಗಿ ಈ ಪತ್ರ ಕಂಪನಿಯ ಮಾಲೀಕರಿಗಲ್ಲ, ಗಿಡ ಮಾರುವವರಿಗೂ ಅಲ್ಲ, ನಿಮಗೆ. ಕಚೇರಿಗಳ ಗಿಡ ನೋಡಿಕೊಳ್ಳುವುದು ನನ್ನ ವೃತ್ತಿ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲೂ ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ನಡೆಯುವ ಆಡಿಟರುಗಳ ಕಚೇರಿಗಳಲ್ಲೂ ಒಂದೇ ಬಗೆಯ ತೊಂದರೆ ಮತ್ತೆ ಮತ್ತೆ ಕಾಣುತ್ತಿರುವುದರಿಂದ ಬರೆಯುತ್ತಿದ್ದೇನೆ.

ಪರಿಸರ ದಿನ ಬಂತೆಂದರೆ ಅನೇಕ ಕಚೇರಿಗಳಲ್ಲಿ ಮೇಜಿಗೊಂದರಂತೆ ಗಿಡ ಬರುತ್ತದೆ. ಆಯುಧಪೂಜೆಗೆ ಕಚೇರಿ ತೊಳೆಯುವ ಹೊತ್ತಿಗೆ ಅವುಗಳಲ್ಲಿ ಬಹಳಷ್ಟು ಹಳದಿಯಾಗಿ, ಬುಡ ಕೊಳೆತು, ಮಣ್ಣಿನ ಸಮೇತ ಕಸದ ಚೀಲ ಸೇರಿರುತ್ತವೆ. ಆಮೇಲೆ ಹೊಸದಕ್ಕೆ ಆರ್ಡರ್ ಹೋಗುತ್ತದೆ. ‘ಎ.ಸಿ.ಯಲ್ಲಿ ಗಿಡ ಬದುಕೋದಿಲ್ಲ’ ಎಂದು ಕೆಲವರು ಹೇಳುತ್ತಾರೆ. ‘ನಮ್ಮವರು ಸರಿಯಾಗಿ ನೀರು ಹಾಕೋದಿಲ್ಲ’ ಎಂದು ಉಳಿದವರು. ಆದರೆ ಕಚೇರಿಯ ಗಿಡಗಳು ಹೆಚ್ಚಾಗಿ ಸಾಯುವುದು ನೀರಿಲ್ಲದೆ ಅಲ್ಲ, ಬೆಳಕಿಲ್ಲದ ಮೂಲೆಯಲ್ಲಿ ದಿನಾ ನೀರು ಹಾಕಿಸಿಕೊಂಡು. ಇದನ್ನು ತಪ್ಪಿಸಲು ದುಬಾರಿ ಗಿಡ ಬೇಡ, ದುಬಾರಿ ಕುಂಡವೂ ಬೇಡ. ಜಾಗದ ಬೆಳಕು ನೋಡಿ ಗಿಡ ಆರಿಸಬೇಕು. ಆಮೇಲೆ, ನೀರು ಹಾಕುವವರಿಗೆ ‘ಇವತ್ತು ನೀರು ಬೇಡ’ ಎಂದು ತಾವೇ ತೀರ್ಮಾನಿಸುವ ಅಧಿಕಾರ ಕೊಡಬೇಕು.

ಕಚೇರಿಗೆ ಗಿಡ ಏಕೆ ಬೇಕು ಎನ್ನುವುದು ಮೊದಲು ಇತ್ಯರ್ಥವಾಗಲಿ. ‘ಗಾಳಿ ಶುದ್ಧ ಮಾಡುವ ಗಿಡಗಳು’ ಎಂಬ ಪಟ್ಟಿಯನ್ನು ನರ್ಸರಿಯವರು ನಿಮಗೂ ತೋರಿಸಿರುತ್ತಾರೆ. ಅದರ ಮೂಲ 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಬಿ.ಸಿ. ವೊಲ್ವರ್ಟನ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ. ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಗಿಡವಿಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್‌ಗಳಂಥ ರಾಸಾಯನಿಕಗಳ ಆವಿ ಬಿಟ್ಟು, ಅದು ಎಷ್ಟು ಕಡಿಮೆಯಾಗುತ್ತದೆಂದು ಅಳೆದಿದ್ದರು. ಕಡಿಮೆಯಾದದ್ದು ನಿಜ. ಆದರೆ ನಿಮ್ಮ ಕಚೇರಿ ಮುಚ್ಚಿದ ಪೆಟ್ಟಿಗೆಯಲ್ಲ. ಅಲ್ಲಿ ಬಾಗಿಲು ತೆರೆಯುತ್ತದೆ, ಜನ ಓಡಾಡುತ್ತಾರೆ, ಹೊರಗಿನ ಗಾಳಿ ಒಳಗೆ ಬರುತ್ತಲೇ ಇರುತ್ತದೆ. 2019ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಬ್ರಯಾನ್ ಕಮ್ಮಿಂಗ್ಸ್ ಮತ್ತು ಮೈಕೆಲ್ ವೇರಿಂಗ್ ಇಂಥ ಹಲವಾರು ಪ್ರಯೋಗಗಳ ಫಲಿತಾಂಶವನ್ನು ಒಟ್ಟಿಗೆ ಲೆಕ್ಕ ಹಾಕಿದರು. ಕಟ್ಟಡದ ಸಾಮಾನ್ಯ ಗಾಳಿಯಾಟ ಮಾಡುವಷ್ಟು ಕೆಲಸವನ್ನು ಗಿಡಗಳೇ ಮಾಡಬೇಕೆಂದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕೆಂದು ತಿಳಿದುಬಂತು. ದೆಹಲಿಯ ನೆಹರೂ ಪ್ಲೇಸ್‌ನಲ್ಲಿ ಕಮಲ್ ಮೀಟಲ್ ಅವರು ತಮ್ಮ ಕಟ್ಟಡದಲ್ಲಿ 300 ಜನರಿಗೆ 1200 ಗಿಡ ಇಟ್ಟದ್ದನ್ನು ಅನೇಕರು ಉದಾಹರಣೆ ಕೊಡುತ್ತಾರೆ. ಅದು ತಲೆಗೆ ನಾಲ್ಕು ಗಿಡದ ಲೆಕ್ಕ. ಮೇಜಿನ ಮೇಲಿನ ಒಂದು ಮನಿ ಪ್ಲಾಂಟ್‌ನಿಂದ ಅಷ್ಟು ಕೆಲಸ ನಿರೀಕ್ಷಿಸಬೇಡಿ. ಗಾಳಿ ಸರಿಯಿಲ್ಲದಿದ್ದರೆ ಎ.ಸಿ. ಫಿಲ್ಟರ್ ಬದಲಾಯಿಸಿ, ತೆರೆಯಲು ಬರುವ ಕಿಟಕಿ ತೆರೆಯಿರಿ.

ಗಿಡದ ನಿಜವಾದ ಉಪಯೋಗ ಬೇರೆ ಇದೆ. ಬ್ರಿಟನ್ ಮತ್ತು ನೆದರ್‌ಲೆಂಡ್ಸ್‌ನ ದೊಡ್ಡ ಕಚೇರಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೋಳಾಗಿದ್ದ ಕಚೇರಿಗೆ ಗಿಡಗಳು ಬಂದ ಮೇಲೆ ನೌಕರರ ಸಮಾಧಾನ ಹೆಚ್ಚಿತು, ಗಮನವಿಟ್ಟು ಕೆಲಸ ಮಾಡಲು ಆಗುತ್ತಿದೆ ಎಂದು ಅವರೇ ಹೇಳಿದರು. ದಿನವಿಡೀ ಪರದೆ ನೋಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದರಿಂದ ಒಂದು ಮಾತು ಹೊರಡುತ್ತದೆ: ಗಿಡ ಕೂತಲ್ಲಿಂದ ಕಾಣಬೇಕು. ಅತಿಥಿಗಳು ನೋಡಲಿ ಎಂದು ರಿಸೆಪ್ಷನ್‌ನಲ್ಲಿ ಹತ್ತು ಕುಂಡ ಸಾಲಾಗಿಟ್ಟು, ನೂರು ಜನ ಕೂರುವ ಹಾಲಿನಲ್ಲಿ ಒಂದೂ ಇಡದಿದ್ದರೆ ಆ ಖರ್ಚಿನಿಂದ ನೌಕರರಿಗೆ ಏನೂ ದಕ್ಕಲಿಲ್ಲ. ಹಾಗೆಯೇ, ಹಳದಿಯಾಗಿ ಜೋತುಬಿದ್ದ ಗಿಡ ಕಣ್ಣೆದುರು ವಾರಗಟ್ಟಲೆ ನಿಂತಿದ್ದರೆ, ಇಲ್ಲಿ ಯಾರೂ ಯಾವುದನ್ನೂ ಗಮನಿಸುವುದಿಲ್ಲ ಎಂಬ ಭಾವನೆ ಬರುತ್ತದೆ. ಅಂಥ ಐವತ್ತಕ್ಕಿಂತ ಚೆನ್ನಾಗಿರುವ ಹದಿನೈದು ಗಿಡ ವಾಸಿ.

ನರ್ಸರಿಗೆ ಹೋಗುವ ಮೊದಲು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಚೇರಿಯೊಳಗೆ ಸುತ್ತಾಡಿ ಬೆಳಕು ಅಳೆಯಿರಿ. ಈ ವಿಷಯದಲ್ಲಿ ಕಣ್ಣನ್ನು ನಂಬುವಂತಿಲ್ಲ. ಮಂದ ಬೆಳಕಿಗೆ ನಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ. ಎಲೆಗೆ ಮಾತ್ರ ಬಿದ್ದಷ್ಟೇ ಬೆಳಕು, ಅದರಲ್ಲೇ ಅದು ಆಹಾರ ತಯಾರಿಸಿಕೊಳ್ಳಬೇಕು. ಬಯಲಿನ ನಡುಹಗಲ ಬಿಸಿಲು 1 ಲಕ್ಷ ಲಕ್ಸ್‌ವರೆಗೆ ಹೋಗುತ್ತದೆ. ಚೆನ್ನಾಗಿ ದೀಪ ಹಾಕಿದ ಕಚೇರಿಯ ಮೇಜಿನ ಮೇಲೆ ಅದು 300ರಿಂದ 500 ಲಕ್ಸ್ ಅಷ್ಟೆ. ಕಿಟಕಿಯ ಪಕ್ಕ ಚೆನ್ನಾಗಿರುವ ಬೆಳಕು ಎರಡು ಮೂರು ಮೀಟರ್ ಒಳಗೆ ಬರುವಷ್ಟರಲ್ಲಿ ಹಲವು ಪಟ್ಟು ಇಳಿದಿರುತ್ತದೆ. ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸಿದ್ದರೆ ಇನ್ನೂ ಕಡಿಮೆ. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು, ಎಲೆ ಇರುವ ಎತ್ತರದಲ್ಲಿ ಹಿಡಿದು ನೋಡಿದರೆ ಅಂದಾಜು ಸಿಗುತ್ತದೆ. ಹಗಲಿನ ಹೆಚ್ಚು ಹೊತ್ತು 1000 ಲಕ್ಸ್ ದಾಟುವ ಜಾಗದಲ್ಲಿ ಮನೆಯೊಳಗಿನ ಬಹುತೇಕ ಎಲೆಗಿಡಗಳು ಬರುತ್ತವೆ. ದೀಪದ ಬೆಳಕೇ ಗತಿಯಾದ, ದಿನಕ್ಕೆ ಹತ್ತು ಗಂಟೆ 300ರಿಂದ 500 ಲಕ್ಸ್ ಇರುವ ಜಾಗದಲ್ಲಿ ಮೂರು ನಾಲ್ಕು ಜಾತಿ ಮಾತ್ರ. 200ಕ್ಕಿಂತ ಕೆಳಗಿದ್ದರೆ ಅಲ್ಲಿ ಗಿಡ ಬೇಡವೇ ಬೇಡ.

ಕಿಟಕಿಯ ದಿಕ್ಕೂ ಮುಖ್ಯ. ಹೊರದೇಶದ ಪುಸ್ತಕಗಳಲ್ಲಿ ಬರೆದದ್ದು ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಆದ್ದರಿಂದ ಉತ್ತರದ ಕಿಟಕಿಗೂ ಆ ತಿಂಗಳುಗಳಲ್ಲಿ ಬೆಳಿಗ್ಗೆ, ಸಂಜೆ ಓರೆಬಿಸಿಲು ಬೀಳುತ್ತದೆ. ದಕ್ಷಿಣದ ಕಿಟಕಿಯೊಳಗೆ ಬಿಸಿಲು ನುಗ್ಗುವುದು ದಸರಾ ಕಳೆದ ಮೇಲೆ, ಶಿವರಾತ್ರಿಯ ಆಸುಪಾಸಿನವರೆಗೆ. ಪೂರ್ವದ ಎಳೆಬಿಸಿಲು ಹೆಚ್ಚಿನ ಗಿಡಗಳಿಗೆ ಹಿತ. ಪಶ್ಚಿಮದ ಗಾಜಿನ ಹಿಂದೆ ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನದ ಬಿಸಿಲಿಗೆ ನೆರಳು ಬಯಸುವ ಗಿಡದ ಎಲೆ ಸುಟ್ಟು ಬಿಳಿಚಿಕೊಳ್ಳುತ್ತದೆ. ಅಲ್ಲಿ ಪರದೆ ಬಿಡಿ, ಇಲ್ಲವೇ ಕುಂಡವನ್ನು ಒಂದು ಮಾರು ಒಳಗೆ ಸರಿಸಿ. ವರ್ಷವಿಡೀ ಒಂದೇ ಜಾಗ ಎಂದುಕೊಳ್ಳದೆ ಮಳೆಗಾಲ, ಚಳಿಗಾಲ, ಬೇಸಿಗೆಗೆ ಒಂದೊಂದು ಸಲ ಜಾಗ ಪರಿಶೀಲಿಸಿದರೆ ಸಾಕು.

ಇನ್ನು ಗಿಡದ ಆಯ್ಕೆ. ಕಚೇರಿಯೊಳಗೆ ತಾಳಿಕೊಳ್ಳುವ ಗಿಡಗಳಲ್ಲಿ ಹೆಚ್ಚಿನವು ತಮ್ಮ ತವರಿನಲ್ಲಿ ದೊಡ್ಡ ಮರಗಳ ನೆರಳಲ್ಲಿ ಬೆಳೆಯುವಂಥವು, ಇಲ್ಲವೇ ಬರಗಾಲ ಕಂಡಂಥವು. ಬೆಳಕು ಕಡಿಮೆ ಇರುವ ಒಳಭಾಗಕ್ಕೆ ನನ್ನ ಮೊದಲ ಆಯ್ಕೆ ಜೀಜೀ ಪ್ಲಾಂಟ್. ಪೂರ್ವ ಆಫ್ರಿಕಾದ ಈ ಗಿಡ ಮಣ್ಣಿನೊಳಗಿನ ಗೆಡ್ಡೆಯಲ್ಲೂ ದಪ್ಪ ಕಾಂಡದಲ್ಲೂ ನೀರು ಕೂಡಿಟ್ಟುಕೊಳ್ಳುತ್ತದೆ. ಪಶ್ಚಿಮ ಆಫ್ರಿಕಾದ ಸ್ನೇಕ್ ಪ್ಲಾಂಟ್ ಇನ್ನೊಂದು. ಅದು ಎಲೆಯ ರಂಧ್ರಗಳನ್ನು ರಾತ್ರಿ ತೆರೆದು ಹಗಲು ಮುಚ್ಚಿಕೊಳ್ಳುವುದರಿಂದ ನೀರಿನ ಖರ್ಚು ಬಹಳ ಕಡಿಮೆ. ಅಗ್ಲೋನಿಮಾದಲ್ಲಿ ಹಸಿರು ಎಲೆಯ ತಳಿಗಳು ದೀಪದ ಬೆಳಕಿಗೂ ಒಗ್ಗುತ್ತವೆ; ಕೆಂಪು, ಗುಲಾಬಿ ಎಲೆಯವಕ್ಕೆ ಕಿಟಕಿ ಬೇಕು. ಮನಿ ಪ್ಲಾಂಟ್ ನಿಮಗೆ ಗೊತ್ತೇ ಇದೆ. ಕಬ್ಬನ್ ಪಾರ್ಕಿನ ಕಡೆ ಮರ ಹತ್ತಿದ ಬಳ್ಳಿಯ ಎಲೆ ಮೊರದಗಲ ಇರುವುದನ್ನು ಕಂಡಿರಬಹುದು. ಒಳಗೆ ಅದು ಚಿಕ್ಕ ಎಲೆಯಲ್ಲೇ ಉಳಿಯುತ್ತದೆ, ಬೆಳಕು ತೀರಾ ಕಡಿಮೆಯಾದರೆ ಹಳದಿ ಮಚ್ಚೆ ಹೋಗಿ ಎಲೆ ಪೂರ್ತಿ ಹಸಿರಾಗುತ್ತದೆ. ಜಾಗ ಬದಲಿಸಿ ಎಂದು ಗಿಡ ಹೇಳುವುದು ಹಾಗೆ.

ಕಿಟಕಿಯ ಹತ್ತಿರಕ್ಕೆ ರಬ್ಬರ್ ಗಿಡ, ಪೀಸ್ ಲಿಲಿ, ಸ್ಪೈಡರ್ ಪ್ಲಾಂಟ್ ಒಳ್ಳೆಯವು. ರಬ್ಬರ್ ಗಿಡ ನಮ್ಮ ಈಶಾನ್ಯ ಭಾರತದ್ದೇ. ಮೇಘಾಲಯದಲ್ಲಿ ಇದರ ಬೇರುಗಳನ್ನು ಹೆಣೆದು ಜೀವಂತ ಸೇತುವೆ ಬೆಳೆಸುತ್ತಾರೆ. ಪೀಸ್ ಲಿಲಿ ಬಾಯಾರಿದಾಗ ಎಲೆಗಳನ್ನೆಲ್ಲ ಜೋತುಬಿಟ್ಟು ತೋರಿಸುತ್ತದೆ, ನೀರು ಕೊಟ್ಟ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಹೊಸದಾಗಿ ಗಿಡ ನೋಡಿಕೊಳ್ಳಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗಿಡ ಸಿಗದು. ಅರೆಕಾ ಪಾಮ್ ಎಲ್ಲ ಕಚೇರಿಗಳ ಅಚ್ಚುಮೆಚ್ಚು. ಆದರೆ ಮಡಗಾಸ್ಕರ್ ಮೂಲದ ಅದಕ್ಕೆ ಹೇರಳ ಬೆಳಕು, ತೇವದ ಗಾಳಿ ಎರಡೂ ಬೇಕು. ಮೀಟಿಂಗ್ ರೂಮಿನ ಮೂಲೆಯಲ್ಲಿ ಅದು ದಿನೇ ದಿನೇ ಸೊರಗುತ್ತದೆ. ಕ್ರೋಟನ್, ತುಳಸಿ, ಹೂವಿನ ಗಿಡಗಳು ಬಾಲ್ಕನಿಗೆ, ಟೆರೇಸಿಗೆ ಸೇರಿದವು. ಎಷ್ಟೇ ಆಸೆಯಾದರೂ ಒಳಗೆ ತರಬೇಡಿ.

ಆಯ್ಕೆಯ ಹೊತ್ತಿನಲ್ಲೇ ಗಮನಿಸಬೇಕಾದ ಒಂದು ವಿಷಯವನ್ನು ಗಿಡ ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಮನಿ ಪ್ಲಾಂಟ್, ಜೀಜೀ, ಅಗ್ಲೋನಿಮಾ, ಪೀಸ್ ಲಿಲಿ, ಡಿಫೆನ್‌ಬೇಕಿಯಾ ಇವೆಲ್ಲ ನಮ್ಮ ಕೆಸು, ಸುವರ್ಣಗೆಡ್ಡೆಗಳ ಕುಟುಂಬಕ್ಕೇ ಸೇರಿದವು. ಪತ್ರೊಡೆಗೆ ಹುಣಸೆಹುಳಿ ಧಾರಾಳವಾಗಿ ಹಾಕಿ ಬೇಯಿಸುವುದು ಏಕೆಂದು ಮಲೆನಾಡು, ಕರಾವಳಿಯವರಿಗೆ ಗೊತ್ತು. ಕೆಸುವಿನಲ್ಲಿ ಬಾಯಿ ತುರಿಸುವ ಆ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳೇ ಈ ಗಿಡಗಳಲ್ಲೂ ಇವೆ. ಎಲೆ ಅಗಿದರೆ ಬಾಯಿ, ನಾಲಗೆ ಉರಿಯುತ್ತವೆ, ಊದಿಕೊಳ್ಳುತ್ತವೆ. ಕಚೇರಿಯಲ್ಲಿ ಶಿಶುಪಾಲನಾ ಕೊಠಡಿ ಇದ್ದರೆ ಅಲ್ಲಿ, ಅದರ ದಾರಿಯಲ್ಲಿ ಈ ಜಾತಿಗಳು ಬೇಡ. ಸ್ಪೈಡರ್ ಪ್ಲಾಂಟ್ ಇಡಿ. ಕತ್ತರಿಸುವ, ಕುಂಡ ಬದಲಿಸುವ ಕೆಲಸ ಮಾಡುವವರಿಗೆ ಕೈಗವಸು ಕೊಡಿ. ಅದು ಗುತ್ತಿಗೆದಾರರ ಜವಾಬ್ದಾರಿ ಎಂದು ಸುಮ್ಮನಾಗಬೇಡಿ, ಕೈಗವಸು ಇದೆಯೇ ಎಂದು ಕೇಳಿ.

ಲಾಲ್‌ಬಾಗಿನ ಸಿದ್ದಾಪುರ ಗೇಟಿನ ಕಡೆಯ ನರ್ಸರಿಗಳಿಗೆ ಹೋದರೆ ಇವೆಲ್ಲ ಸಿಗುತ್ತವೆ. ಎಲೆ ಹೊಳೆಯುವುದನ್ನಷ್ಟೇ ನೋಡಬೇಡಿ. ಎಲೆ ತಿರುಗಿಸಿ ಹುಳು ಇದೆಯೇ ನೋಡಿ, ಕುಂಡ ಎತ್ತಿ ಕೆಳಗಿನ ತೂತಿನಿಂದ ಬೇರು ಹೊರಬಂದಿದೆಯೇ ನೋಡಿ, ಕಾಂಡದ ಬುಡವನ್ನು ಬೆರಳಲ್ಲಿ ಒತ್ತಿ ಗಟ್ಟಿಯಾಗಿದೆಯೇ ನೋಡಿ. ಗಿಡ ದೂರದಿಂದ ಲಾರಿಯಲ್ಲಿ ಬಂದು ಇಳಿದದ್ದಾಗಿದ್ದರೆ ಎರಡು ವಾರ ನರ್ಸರಿಯ ನೆರಳಿನಲ್ಲೇ ಸುಧಾರಿಸಿಕೊಳ್ಳಲಿ, ಆಮೇಲೆ ತರಿಸಿಕೊಳ್ಳಿ. ಕಚೇರಿಗೆ ಬಂದ ಮೊದಲ ತಿಂಗಳು ಒಂದೆರಡು ಹಳೆಯ ಎಲೆ ಉದುರುವುದು ಸಹಜ. ಅದನ್ನು ಕಂಡು ಗಾಬರಿಯಾಗಿ ನೀರು ಹೆಚ್ಚಿಸುವುದು, ಗೊಬ್ಬರ ಸುರಿಯುವುದು ಬೇಡ.

ಕುಂಡದ ವಿಷಯದಲ್ಲಿ ಒಂದೇ ನಿಯಮ: ತಳದಲ್ಲಿ ತೂತು ಇರಲೇಬೇಕು. ಹೊಳೆಯುವ ಫೈಬರ್ ಕುಂಡಗಳಲ್ಲಿ ಅನೇಕಕ್ಕೆ ತೂತಿರುವುದಿಲ್ಲ. ತಳಕ್ಕೆ ಜಲ್ಲಿ ಹಾಕಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ, ಆದರೆ ಅದರಿಂದ ನೀರು ಬಸಿಯುವುದಿಲ್ಲ. ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ, ಬೇರಿಗೆ ಉಳಿಯುವ ಒಣ ಜಾಗ ಇನ್ನಷ್ಟು ಕಡಿಮೆಯಾಗುತ್ತದೆ. ತೂತಿರುವ ಸಾದಾ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ ಇರಲಿ, ಚೆಂದದ ಕುಂಡ ಅದರ ಹೊದಿಕೆಯಾಗಿರಲಿ. ನೀರು ಹಾಕುವಾಗ ಒಳಗಿನದನ್ನು ಎತ್ತಿ, ಬಸಿದ ಮೇಲೆ ಮತ್ತೆ ಇಟ್ಟರಾಯಿತು. ಮಣ್ಣು ಬರೀ ಕೆಮ್ಮಣ್ಣಾಗಿದ್ದರೆ ಕೆಲವೇ ತಿಂಗಳಲ್ಲಿ ಗಟ್ಟಿಕಟ್ಟುತ್ತದೆ. ಕೆಮ್ಮಣ್ಣಿನ ಜೊತೆ ಕೋಕೋಪೀಟ್, ದಪ್ಪ ಮರಳು ಅಥವಾ ಪರ್ಲೈಟ್, ಸ್ವಲ್ಪ ಎರೆಗೊಬ್ಬರ ಬೆರೆಸಿದ ಹಗುರ ಮಿಶ್ರಣ ಕೇಳಿ. ಹಸಿ ಸಗಣಿಗೊಬ್ಬರ ಮುಚ್ಚಿದ ಕೋಣೆಯಲ್ಲಿ ವಾಸನೆ ಬರುತ್ತದೆ, ಹುಳುಗಳನ್ನೂ ಕರೆಯುತ್ತದೆ.

ಈಗ ನೀರಿನ ಮಾತಿಗೆ ಬರುತ್ತೇನೆ. ಒಂದು ಕಚೇರಿಯಲ್ಲಿ ರಿಸೆಪ್ಷನ್‌ನ ಜೀಜೀ ಗಿಡ ಹಳದಿಯಾಗಿದೆ ಎಂದು ಕರೆದಿದ್ದರು. ಹಿಡಿದೆತ್ತಿದರೆ ಕಾಂಡಗಳು ಬುಡದಿಂದ ಕಳಚಿ ಕೈಗೆ ಬಂದವು. ಮಣ್ಣು ಕೆದಕಿದಾಗ ಸಿಕ್ಕ ಗೆಡ್ಡೆ ಒತ್ತಿದರೆ ಕಂದು ರಸ ಸೋರಿತು. ಬೇರಿನ ಮೇಲುಸಿಪ್ಪೆ ಕಳಚಿ ಒಳಗಿನ ನೂಲೆಳೆ ಮಾತ್ರ ಉಳಿದಿತ್ತು. ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗದಲ್ಲೆಲ್ಲ ಸದಾ ನೀರೇ ತುಂಬಿದ್ದರೆ ಆಮ್ಲಜನಕ ಸಿಗದೆ ಬೇರು ಸಾಯುತ್ತದೆ, ಸತ್ತ ಬೇರಿಗೆ ಕೊಳೆರೋಗ ಹತ್ತುತ್ತದೆ. ಬೇರು ಸತ್ತ ಗಿಡಕ್ಕೆ ನೀರು ಎಳೆದುಕೊಳ್ಳಲಾಗುವುದಿಲ್ಲ, ಆದ್ದರಿಂದ ಎಲೆ ಬಾಡುತ್ತದೆ. ಬಾಡಿದ ಎಲೆ ನೋಡಿ ನಾವು ಇನ್ನೊಂದು ಚೊಂಬು ನೀರು ಹಾಕುತ್ತೇವೆ. ಗಿಡಕ್ಕೆ ಬೆಳಕು ಕಡಿಮೆಯಿದ್ದಷ್ಟೂ ಅದು ಕುಡಿಯುವ ನೀರು ಕಡಿಮೆ. ಅಂಗಳದಲ್ಲಿ ದಿನಾ ನೀರು ಬೇಡುವ ಗಿಡವೂ ಆ ರಿಸೆಪ್ಷನ್‌ನಲ್ಲಿ ವಾರಗಟ್ಟಲೆ ನೀರಿಲ್ಲದೆ ಇರಬಲ್ಲದು.

ದಿನಾ ನೀರು ಹಾಕುತ್ತಿದ್ದ ಅಮ್ಮನನ್ನು ಕೇಳಿದೆ. ‘ಹಾಕ್ದೆ ಇದ್ರೆ ಬೈತಾರೆ ಸಾರ್. ಹಾಕಿದ್ರೆ ಯಾರೂ ಏನೂ ಅನ್ನಲ್ಲ’ ಎಂದರು. ದಯವಿಟ್ಟು ಈ ಮಾತನ್ನು ಗಮನಿಸಿ. ಆ ಗಿಡಕ್ಕೆ ನೀರು ಹೋಗುತ್ತಿದ್ದುದು ಮಣ್ಣು ಒಣಗಿದ್ದರಿಂದಲ್ಲ, ಬೈಗುಳದ ಹೆದರಿಕೆಯಿಂದ. ಮೇಲ್ವಿಚಾರಕರು ದೂರದಿಂದ ನೋಡಿದಾಗ ಮಣ್ಣು ಒದ್ದೆಯಾಗಿ ಕಪ್ಪಗೆ ಕಂಡರೆ ಕೆಲಸ ಆಗಿದೆ ಎಂದರ್ಥ, ಒಣಗಿ ಕಂಡರೆ ಆಗಿಲ್ಲ ಎಂದರ್ಥ. ಬೆಳಗಿನ ಪಾಳಿಯವರು ಹಾಕಿದ್ದು ಮಧ್ಯಾಹ್ನದ ಪಾಳಿಯವರಿಗೆ ಗೊತ್ತಿರುವುದಿಲ್ಲ, ಅವರೂ ಹಾಕುತ್ತಾರೆ. ನಾಲ್ಕು ಗೋಡೆಯೊಳಗೆ ಹುಟ್ಟಿ ಬೆಳೆದವರಲ್ಲ ಅವರು. ಅನೇಕರು ಹೊಲ ಗದ್ದೆ ಮಾಡಿ ಬಂದವರು, ಮಣ್ಣು ಮುಟ್ಟಿದರೆ ಗಿಡಕ್ಕೆ ನೀರು ಬೇಕೋ ಬೇಡವೋ ಹೇಳಬಲ್ಲವರು. ಅವರ ಆ ತಿಳಿವಳಿಕೆಗೆ ಕಚೇರಿಯಲ್ಲಿ ಬೆಲೆ ಇಲ್ಲದಂತೆ ಮಾಡಿ, ದಿನಾ ಇಷ್ಟು ಗಂಟೆಗೆ ಇಷ್ಟು ಚೊಂಬು ಎಂದು ಕಟ್ಟುಮಾಡಿದವರು ನಾವು.

ಆ ಕಚೇರಿಯಲ್ಲಿ ಮಾಡಿದ ಬದಲಾವಣೆ ಚಿಕ್ಕದು. ಊದುಬತ್ತಿ ಉರಿದ ಮೇಲೆ ಉಳಿಯುವ ಬಿದಿರಿನ ಕಡ್ಡಿಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟೆವು. ಕಡ್ಡಿಯನ್ನು ಕುಂಡದ ಅಂಚಿನಲ್ಲಿ ಬೆರಳುದ್ದ ಆಳಕ್ಕೆ ಚುಚ್ಚಿ, ಎರಡು ನಿಮಿಷ ಬಿಟ್ಟು ತೆಗೆಯಬೇಕು. ಕಡ್ಡಿ ಕಪ್ಪಾಗಿ, ಮಣ್ಣು ಮೆತ್ತಿಕೊಂಡು ಬಂದರೆ ನೀರು ಬೇಡ. ಒಣಗಿ ಬಂದರೆ ಕೊಡಬಹುದು. ಜೀಜೀ, ಸ್ನೇಕ್ ಪ್ಲಾಂಟ್‌ಗಳಿಗೆ ಕಡ್ಡಿ ತಳದವರೆಗೂ ಒಣಗಿ ಬರುವ ತನಕ ಕಾಯಬೇಕು. ಕೋಕೋಪೀಟ್ ಹೆಚ್ಚಿರುವ ಕುಂಡದಲ್ಲಿ ಮೇಲ್ಪದರ ಒಣಗಿ ಕಂಡರೂ ಕೆಳಗೆ ಒದ್ದೆಯಿರುತ್ತದೆ, ಅಲ್ಲಿ ಈ ಕಡ್ಡಿಯೇ ಗತಿ. ಆ ಅಮ್ಮ ಕಡ್ಡಿಯ ಜೊತೆ ಕುಂಡ ಎತ್ತಿ ತೂಕ ನೋಡುವುದನ್ನೂ ತಾವಾಗಿಯೇ ಶುರುಮಾಡಿದರು. ಹಗುರವಾದ ಕುಂಡ ಎಂದರೆ ಒಣಗಿದ ಕುಂಡ. ಪುಸ್ತಕದ ಯಾವ ವೇಳಾಪಟ್ಟಿಗಿಂತಲೂ ಅದು ಒಳ್ಳೆಯ ಅಳತೆ.

ಅಂದಾಜು ಬೇಕೆನ್ನುವವರಿಗೆ ಹೇಳುತ್ತೇನೆ. ಎ.ಸಿ. ಕಚೇರಿಯೊಳಗೆ ಜೀಜೀ, ಸ್ನೇಕ್ ಪ್ಲಾಂಟ್‌ಗಳಿಗೆ ಎರಡು ಮೂರು ವಾರಕ್ಕೊಮ್ಮೆ, ಮನಿ ಪ್ಲಾಂಟ್, ಅಗ್ಲೋನಿಮಾಗಳಿಗೆ ವಾರ ಹತ್ತು ದಿನಕ್ಕೊಮ್ಮೆ, ಪೀಸ್ ಲಿಲಿಗೆ ವಾರಕ್ಕೆ ಒಂದೆರಡು ಸಲ ನೀರು ಹಿಡಿಯುತ್ತದೆ. ಮೋಡ ಮುಸುಕಿದ ಜುಲೈನಲ್ಲಿ ಇನ್ನೂ ಕಡಿಮೆ, ಬಿರುಬಿಸಿಲಿನ ಮಾರ್ಚ್‌ನಲ್ಲಿ ಸ್ವಲ್ಪ ಹೆಚ್ಚು. ಕೊಟ್ಟಾಗ ಮಾತ್ರ ತೂತಿನಿಂದ ಹೊರಬರುವಷ್ಟು ಪೂರ್ತಿ ಕೊಡಿ. ದಿನಾ ಒಂದು ಲೋಟ ಚಿಮುಕಿಸುವುದರಿಂದ ಮೇಲ್ಪದರ ಸದಾ ಒದ್ದೆ, ಆಳದ ಬೇರು ಮಾತ್ರ ಒಣಗಿಯೇ ಇರುತ್ತದೆ.

ನೀರು ಉಳಿಸುವುದು ಈ ಊರಿನಲ್ಲಿ ಗಿಡದ ಆರೋಗ್ಯಕ್ಕಷ್ಟೇ ಸೇರಿದ ಮಾತಲ್ಲ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಆಗಿ ನಮ್ಮ ನಲ್ಲಿಗೆ ಬರುತ್ತದೆ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದ್ದು ನಿಮಗೆ ನೆನಪಿರಬಹುದು. ಮೀಟಿಂಗ್ ಮುಗಿದ ಮೇಲೆ ಲೋಟಗಳಲ್ಲಿ, ಬಾಟಲಿಗಳಲ್ಲಿ ಅರ್ಧ ಉಳಿಯುವ ನೀರನ್ನು ಒಂದು ಬಕೆಟ್‌ಗೆ ಸುರಿದಿಟ್ಟರೆ ಅನೇಕ ಕಚೇರಿಗಳ ಗಿಡಗಳಿಗೆ ಅದೇ ಸಾಕಾಗುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಬಹಳ ಕಡಿಮೆ, ಅಲಂಕಾರದ ಗಿಡಗಳಿಗೆ ಅದನ್ನೂ ಹಾಕಬಹುದು. ಆರ್‌.ಒ. ಯಂತ್ರ ಹೊರಗೆ ಬಿಡುವ ನೀರು ಮಾತ್ರ ಕುಂಡಕ್ಕೆ ಬೇಡ, ನೆಲ ಒರೆಸಲು ಇಟ್ಟುಕೊಳ್ಳಿ. ಅದರಲ್ಲಿ ಲವಣ ಹೆಚ್ಚು. ಟ್ಯಾಂಕರ್‌ನ ಗಡಸು ನೀರಿನಿಂದಲೂ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಸ್ಪೈಡರ್ ಪ್ಲಾಂಟ್‌ನ ಎಲೆತುದಿ ಕಂದಾಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಕುಂಡವನ್ನು ಮಳೆನೀರಿನಲ್ಲೋ ಒಳ್ಳೆಯ ನೀರಿನಲ್ಲೋ ಧಾರಾಳವಾಗಿ ನೆನೆಸಿ ಬಸಿದರೆ ಲವಣ ತೊಳೆದುಹೋಗುತ್ತದೆ.

ಕುಂಡದ ಕೆಳಗಿನ ತಟ್ಟೆಯನ್ನು ಮರೆಯಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಕಾಗಿಲ್ಲ. ತಟ್ಟೆಯಲ್ಲಿ ನಿಂತ ಒಂದು ಲೋಟ ತಿಳಿನೀರು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ವಾರ ಹತ್ತು ದಿನ. ಅದರ ಮೊಟ್ಟೆ ತಟ್ಟೆಯ ಅಂಚಿಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ತಟ್ಟೆಯನ್ನು ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಮೇಜಿನ ಮೇಲೆ ಗಾಜಿನ ಬಾಟಲಿಯ ನೀರಿನಲ್ಲಿ ಮನಿ ಪ್ಲಾಂಟ್, ಲಕ್ಕಿ ಬ್ಯಾಂಬೂ ಇಟ್ಟುಕೊಂಡವರೂ ವಾರಕ್ಕೊಮ್ಮೆ ನೀರು ಬದಲಾಯಿಸಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದೆ. ನೀರು ನಿಲ್ಲದಂತೆ ನೋಡಿಕೊಳ್ಳುವುದು ಕಚೇರಿಗಳ ಹೊಣೆಯೂ ಹೌದು.

ಕಂಪ್ಯೂಟರ್ ಪರದೆಯ ಮುಂದೆ ಸಣ್ಣ ಕಪ್ಪು ನೊಣಗಳು ಹಾರಾಡುತ್ತಿವೆ ಎಂದು ನೌಕರರು ದೂರು ಕೊಟ್ಟಾಗ ಔಷಧಿ ಹೊಡೆಯುವವರನ್ನು ಕರೆಸುವ ಮೊದಲು ಮಣ್ಣು ಮುಟ್ಟಿ ನೋಡಿ. ಆ ನೊಣ ಮೊಟ್ಟೆಯಿಡುವುದು ಸದಾ ಒದ್ದೆಯಾಗಿರುವ ಮೇಲ್ಪದರದಲ್ಲಿ. ಮೇಲಿನ ಒಂದಂಗುಲ ಪೂರ್ತಿ ಒಣಗಲು ಬಿಟ್ಟು, ಹಳದಿ ಅಂಟುಪಟ್ಟಿ ಸಿಕ್ಕಿಸಿದರೆ ಮೂರು ನಾಲ್ಕು ವಾರದಲ್ಲಿ ಹತೋಟಿಗೆ ಬರುತ್ತವೆ. ಉಳಿದ ಕಾಫಿ, ಟೀಯನ್ನು ಕುಂಡಕ್ಕೆ ಸುರಿಯುವ ಅಭ್ಯಾಸ ಎಲ್ಲ ಕಚೇರಿಗಳಲ್ಲೂ ಇದೆ. ಹಾಲು, ಸಕ್ಕರೆ ಸೇರಿದ ಆ ನೀರಿನಿಂದ ಮಣ್ಣಿನಲ್ಲಿ ಬೂಷ್ಟು ಹಿಡಿಯುತ್ತದೆ, ಇರುವೆ, ನೊಣ ಬರುತ್ತವೆ. ಕುಂಡದ ಮೇಲೊಂದು ಚೀಟಿ ಅಂಟಿಸಿ ಎಲ್ಲರಿಗೂ ವಿನಂತಿ ಮಾಡಿ. ಎಲೆಯ ಕಂಕುಳಲ್ಲಿ ಬಿಳಿ ಹತ್ತಿಯಂತೆ ಹಿಟ್ಟುತಿಗಣೆ ಕಂಡರೆ ಹತ್ತಿಗೆ ಸ್ಯಾನಿಟೈಸರ್ ಹಚ್ಚಿ ಒರೆಸಿ. ಬೇವಿನೆಣ್ಣೆ ಸಿಂಪಡಿಸಬೇಕಾದರೆ ಶನಿವಾರ ಟೆರೇಸಿಗೆ ಒಯ್ದು ಸಿಂಪಡಿಸಿ, ಸೋಮವಾರ ತನ್ನಿ. ಮುಚ್ಚಿದ ಕೋಣೆಯಲ್ಲಿ ಅದರ ವಾಸನೆ ತಡೆಯಲಾಗದು. ಎ.ಸಿ.ಯ ಗಾಳಿ ನೇರ ಮುಖಕ್ಕೆ ಬಡಿಯುವಲ್ಲಿ ಯಾವ ಗಿಡವನ್ನೂ ಇಡಬೇಡಿ. ಎರಡು ವಾರಕ್ಕೊಮ್ಮೆ, ಎಲೆಯ ಅಡಿಗೆ ಅಂಗೈ ಆಸರೆ ಕೊಟ್ಟು, ಒದ್ದೆ ಬಟ್ಟೆಯಲ್ಲಿ ಮೇಲಿನ ಧೂಳು ಒರೆಸಿ. ಮೊದಲೇ ಕಡಿಮೆ ಇರುವ ಬೆಳಕನ್ನು ಧೂಳು ಇನ್ನಷ್ಟು ತಡೆಯುತ್ತದೆ. ಹೊಳಪಿಗೆಂದು ತೆಂಗಿನೆಣ್ಣೆ ಹಚ್ಚಿದರೆ ಧೂಳು ಇನ್ನೂ ಹೆಚ್ಚು ಅಂಟುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮಿಂದ ಕೇಳಿಕೊಳ್ಳುವುದು ನಾಲ್ಕು ವಿಷಯ.

ಮೊದಲನೆಯದು, ಗಿಡಗಳಿಗೆ ಒಬ್ಬರನ್ನು ನೇಮಿಸಿ. ಎಲ್ಲರ ಕೆಲಸವಾದರೆ ಯಾರೂ ನೋಡುವುದಿಲ್ಲ, ಇಲ್ಲವೇ ಎಲ್ಲರೂ ನೀರು ಹಾಕುತ್ತಾರೆ. ಹೌಸ್‌ಕೀಪಿಂಗ್‌ನವರಲ್ಲಿ ಗಿಡದ ಮೇಲೆ ಪ್ರೀತಿ ಇರುವವರನ್ನು ಕೇಳಿ ಆರಿಸಿ. ಅದಕ್ಕೆಂದು ಅವರ ಕೆಲಸದ ಪಟ್ಟಿಯಲ್ಲಿ ಸಮಯ ಬರೆಯಿರಿ. ಶೌಚಾಲಯ, ಪ್ಯಾಂಟ್ರಿ ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಮಾಡಿ ಎನ್ನಬೇಡಿ. ಜವಾಬ್ದಾರಿ ಹೆಚ್ಚಿದರೆ ಸಂಬಳದಲ್ಲೂ ಅದು ಕಾಣಲಿ. ಅವರ ಭಾಷೆಯಲ್ಲಿ, ಕನ್ನಡವೋ ತೆಲುಗೋ ತಮಿಳೋ ಹಿಂದಿಯೋ, ಒಮ್ಮೆ ಕೂರಿಸಿ ತೋರಿಸಿಕೊಡಿ.

ಎರಡನೆಯದು, ಮಣ್ಣು ಒಣಗಿ ಕಂಡಿತೆಂದು ಅವರನ್ನು ಗದರಬೇಡಿ. ಕಡ್ಡಿ ನೋಡಿ ನೀರು ಬೇಡ ಎಂದು ಅವರು ಹೇಳಿದರೆ ಆ ಮಾತೇ ಕೊನೆ. ಎರಡೂ ಪಾಳಿಯ ಮೇಲ್ವಿಚಾರಕರಿಗೆ ಇದನ್ನು ಸ್ಪಷ್ಟವಾಗಿ ತಿಳಿಸಿ.

ಮೂರನೆಯದು, ಗುತ್ತಿಗೆಯ ಕರಾರು ಓದಿ ನೋಡಿ. ‘ವಾರಕ್ಕೆ ಇಷ್ಟು ಸಲ ನೀರು’ ಎಂದು ಬರೆದಿದ್ದರೆ ಗುತ್ತಿಗೆದಾರರ ಹುಡುಗ ಬಂದು ಅಷ್ಟು ಸಲ ಹಾಕಿಯೇ ಹಾಕುತ್ತಾನೆ, ಬೇಕಿರಲಿ ಬೇಡದಿರಲಿ. ಆ ಸಾಲು ತೆಗೆದು, ಗಿಡ ಆರೋಗ್ಯವಾಗಿರಬೇಕು, ಬೆಳಕು ಸಾಲದ ಜಾಗದ ಗಿಡಗಳನ್ನು ತಿಂಗಳಿಗೊಮ್ಮೆ ನರ್ಸರಿಗೆ ಒಯ್ದು ಬದಲಿ ಗಿಡ ಇಡಬೇಕು ಎಂದು ಬರೆಸಿ. ಬಾಡಿಗೆಗೆ ಗಿಡ ಕೊಡುವ ನರ್ಸರಿಗಳು ನಗರದಲ್ಲಿವೆ. ಎರಡು ಜೊತೆ ಗಿಡ ಇಟ್ಟುಕೊಂಡು, ಒಂದು ಜೊತೆ ಕಚೇರಿಯಲ್ಲಿರುವಾಗ ಇನ್ನೊಂದು ನೆರಳುಪರದೆಯಡಿ ಚೇತರಿಸಿಕೊಳ್ಳುವ ಏರ್ಪಾಡು ಇಬ್ಬರಿಗೂ ಅನುಕೂಲ.

ನಾಲ್ಕನೆಯದು, ಗಿಡಗಳ ಸಂಖ್ಯೆಯನ್ನು ನೋಡಿಕೊಳ್ಳುವವರ ಕೈಗೆ ಸಾಗುವಷ್ಟಕ್ಕೆ ಇಳಿಸಿ. ಬಜೆಟ್‌ನಲ್ಲಿ ಉಳಿದ ಹಣ ಹೊಸ ಗಿಡಕ್ಕೆ ಹೋಗುವ ಬದಲು ಒಳ್ಳೆಯ ಮಣ್ಣಿಗೆ, ತೂತಿರುವ ಕುಂಡಕ್ಕೆ, ಕೈಗವಸಿಗೆ, ಆ ಒಬ್ಬರ ಸಂಬಳಕ್ಕೆ ಹೋಗಲಿ.

ಇವುಗಳಲ್ಲಿ ಮೂರಕ್ಕೆ ನಿಮಗೆ ಮೇಲಿನವರ ಅನುಮತಿ, ಹಣ, ಸಮಯ ಬೇಕಾಗಬಹುದು. ಎರಡನೆಯದಕ್ಕೆ ಏನೂ ಬೇಕಾಗಿಲ್ಲ. ನಾಳೆ ಬೆಳಿಗ್ಗೆ ನೀರಿನ ಬಕೆಟ್ ಹಿಡಿದು ಬರುವವರನ್ನು ನಿಲ್ಲಿಸಿ, ಯಾವ ಗಿಡಕ್ಕೆ ನೀರು ಬೇಕು, ಯಾವುದಕ್ಕೆ ಬೇಡ ಎಂದು ಅವರನ್ನೇ ಕೇಳಿ. ಅವರು ಹೇಳಿದಂತೆ ಒಂದು ತಿಂಗಳು ನಡೆಯಲು ಬಿಡಿ.

ಇಂತಿ,
ನಿಮ್ಮ ವಿಶ್ವಾಸಿ,
ಕಚೇರಿಗಳ ಗಿಡ ನೋಡಿಕೊಳ್ಳುವ ಒಬ್ಬ ಬೆಂಗಳೂರಿಗ